ಬಾಗಿಲ ಮುಂದಿನ ಹಾಲು

ನಮ್ಮ ರಸ್ತೆಯಲ್ಲಿ ಈಗ ಕಳ್ಳತನ ಇಲ್ಲ. ಠಾಣೆಯವರು ಯಾವ ಸಭೆಗೆ ಹೋದರೂ ಈ ಮಾತು ಹೇಳಿ ನಮ್ಮ ಕಡೆ ಕೈ ತೋರಿಸುತ್ತಾರೆ. ನಮ್ಮ ಸಂಘದ ಅಧ್ಯಕ್ಷರು ಎದೆ ಉಬ್ಬಿಸಿಕೊಂಡು ಎದ್ದು ನಿಲ್ಲುತ್ತಾರೆ. ಆ ಹೆಮ್ಮೆಯಲ್ಲಿ ನನಗೂ ಒಂದು ಪಾಲು ಬರಬೇಕು, ಯಾಕೆಂದರೆ ಪೊಲೀಸರ ಸೂಚನೆಯ ಹಾಳೆಗಳೆಲ್ಲ ಜೆರಾಕ್ಸ್ ಆದದ್ದು ರಸ್ತೆಯ ಮೂಲೆಯಲ್ಲಿರುವ ನನ್ನ ಅಂಗಡಿಯಲ್ಲಿ. ನನಗೆ ಆ ಪಾಲು ಬೇಡ. ಕಳ್ಳತನ ನಿಲ್ಲಿಸಿದ್ದು ಅಧ್ಯಕ್ಷರೂ ಅಲ್ಲ, ನನ್ನ ಮಿಷನ್ನೂ ಅಲ್ಲ. ನಮ್ಮ ಮನೆಗಳಿಗೆ ಹಾಲು ಹಾಕುತ್ತಿದ್ದ ಹೆಂಗಸು. ಅವಳ ವಿಷಯ ಯಾವ ಸಭೆಯಲ್ಲೂ ಬರುವುದಿಲ್ಲ. ಬಂದರೆ ಟೀಚರಮ್ಮನ ವಿಷಯವೂ ಬರಬೇಕಾಗುತ್ತದೆ, ಅದು ಯಾರಿಗೂ ಬೇಕಾಗಿಲ್ಲ.

ಹಾಲಕ್ಕ ಅಂತಲೇ ಎಲ್ಲರೂ ಅವಳನ್ನು ಕರೆಯುತ್ತಿದ್ದರು. ಅವಳಿಗಿಂತ ದೊಡ್ಡವರೂ ಅಕ್ಕ ಅನ್ನುತ್ತಿದ್ದರು, ಅವಳು ಅದಕ್ಕೆ ಬೇಜಾರು ಮಾಡಿಕೊಂಡದ್ದಿಲ್ಲ. ಗಿಡ್ಡ ಆಳು, ಗಟ್ಟಿ ತೋಳು, ಚಳಿ ಇರಲಿ ಬಿಡಲಿ ಕಿವಿ ಮುಚ್ಚಿ ತಲೆಗೆ ಸುತ್ತಿದ ಒಂದು ಉಣ್ಣೆಯ ಬಟ್ಟೆ. ಹಿಂದೆ ಮುಂದೆ ಕ್ರೇಟು ಕಟ್ಟಿದ ಹಳೇ ಸ್ಕೂಟರು. ಆ ಸ್ಕೂಟರಿಗೆ ಒಂದು ದುರ್ಬುದ್ಧಿ ಇತ್ತು. ಒಮ್ಮೆ ಆರಿಸಿದರೆ ಮತ್ತೆ ಹೊತ್ತಿಕೊಳ್ಳಲು ಅರ್ಧ ರಸ್ತೆ ತಳ್ಳಬೇಕು. ಹಾಗಾಗಿ ಹಾಲು ಹಾಕಿ ಮುಗಿಯುವವರೆಗೆ ಅವಳು ಎಂಜಿನ್ ಆರಿಸುತ್ತಲೇ ಇರಲಿಲ್ಲ. ಪ್ರತಿ ಗೇಟಿನ ಮುಂದೆ ಸ್ಟ್ಯಾಂಡ್ ಹಾಕಿ, ಗಡಗಡ ಅನ್ನುವ ಗಾಡಿಯನ್ನು ಅಲ್ಲೇ ಬಿಟ್ಟು, ಓಡಿ ಹೋಗಿ ಹಾಲು ಇಟ್ಟು ಓಡಿ ಬರುತ್ತಿದ್ದಳು. ಹೊಸದಾಗಿ ಬಾಡಿಗೆಗೆ ಬಂದವರು ಈ ಸದ್ದಿಗೆ ಮೊದಮೊದಲು ಮುಖ ಸಿಂಡರಿಸುತ್ತಿದ್ದರು, ಆಮೇಲೆ ಅಲಾರಂ ಇಡುವುದನ್ನೇ ಬಿಡುತ್ತಿದ್ದರು.

ಅವಳ ಮನೆ ಮೆಕ್ಯಾನಿಕ್ ಶೆಡ್ಡಿನ ಹಿಂದೆ, ಎರಡು ಕೋಣೆ. ಗಂಡ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್. ಅವನು ಮನೆಗೆ ಬರುವ ಹೊತ್ತಿಗೆ ಇವಳು ಹೊರಡುವ ಹೊತ್ತು. ಇರುವ ಒಂದೇ ಮಂಚದಲ್ಲಿ ಇಬ್ಬರೂ ಪಾಳಿಯ ಮೇಲೆ ಮಲಗುತ್ತಿದ್ದರು. "ನಮ್ಮ ಯಜಮಾನ್ರ ಮುಖ ನೋಡ್ಬೇಕಂದ್ರೆ ಹೊಸಿಲಲ್ಲೇ ನೋಡ್ಬೇಕಣ್ಣ, ಅದೂ ಅವಸರದಲ್ಲಿ" ಅಂತ ನಗುತ್ತಿದ್ದಳು. ಅತ್ತೆಗೆ ಕಿವಿ ಮಂದ. ಸೊಸೆಯ ಮೇಲಿನ ದೂರನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದೇನೆ ಅಂದುಕೊಂಡು ಇಡೀ ಶೆಡ್ಡಿಗೆ ಕೇಳುವಂತೆ ಹೇಳುತ್ತಿದ್ದರಂತೆ. ಇಂಥ ಸಮಾಚಾರವನ್ನೆಲ್ಲ ಹಾಲಕ್ಕ ಹಾಲು ಹಾಕಿ ಮುಗಿಸಿದ ಮೇಲೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಚಹಾ ಆರಿಸಿಕೊಂಡು ಕುಡಿಯುತ್ತಾ ಹೇಳುತ್ತಿದ್ದಳು. ಗಿರಾಕಿ ಬಾರದ ಹೊತ್ತು. ನನಗೂ ಅದು ಬೇಕಾಗಿತ್ತು.

ಟೀಚರಮ್ಮ ಇದ್ದದ್ದು ರಸ್ತೆಯ ಆ ತುದಿಯಲ್ಲಿ, ಕೊನೆಯ ಮನೆಗಿಂತ ಒಂದು ಮನೆ ಈಚೆಗೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ದೂರದ ಊರಿನಲ್ಲಿ ಒಬ್ಬ ತಂಗಿ, ಅಷ್ಟೇ ಬಳಗ. ಬಾಯಿ ಮಾತ್ರ ಹತ್ತು ಜನರದ್ದು. ಹಿಂದಿನ ಹಾಲಿನವನು ಕೆಲಸ ಬಿಟ್ಟಾಗ, ಬೆಳಗಿನ ಕತ್ತಲಲ್ಲಿ ಓಡಾಡುವ ಕೆಲಸ ಹೆಂಗಸಿಗೆ ಯಾಕೆ ಅಂತ ಅಧ್ಯಕ್ಷರು ರಾಗ ಎಳೆದಿದ್ದರು. ಹಾಗಾದರೆ ನೀವೇ ಎದ್ದು ತಂದುಕೊಡಿ ಅಂತ ಟೀಚರಮ್ಮ ಅವರ ಬಾಯಿ ಮುಚ್ಚಿಸಿದರು. ಹಾಲಕ್ಕನಿಗೆ ನಮ್ಮ ರಸ್ತೆ ಸಿಕ್ಕಿದ್ದು ಹಾಗೆ.

ಕೆಲಸ ಕೊಡಿಸಿದವರು ಅಂತ ಟೀಚರಮ್ಮ ಅವಳನ್ನು ಸುಮ್ಮನೆ ಬಿಟ್ಟವರಲ್ಲ. ದಿನ ಬೆಳಗಾದರೆ ಗೇಟಿನಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು. ಪ್ಯಾಕೆಟ್ಟು ಒದ್ದೆ ಯಾಕೆ, ಮೂಲೆ ಸೋರುತ್ತಿದೆ ಯಾಕೆ, ಆ ಬಟ್ಟೆ ಒಗೆದು ಎಷ್ಟು ಕಾಲವಾಯಿತು, ಗಾಡಿ ರಿಪೇರಿ ಮಾಡಿಸಲು ಏನು ಧಾಡಿ. ಹಾಲಕ್ಕನೂ ಬಿಡುತ್ತಿರಲಿಲ್ಲ, ಒಂದಕ್ಕೆ ಎರಡು ಹೇಳಿಯೇ ಹೋಗುತ್ತಿದ್ದಳು. ಗಾಡಿ ಸದ್ದು ಮಾಡುತ್ತಿರುತ್ತಿದ್ದುದರಿಂದ ಇಬ್ಬರೂ ಗಂಟಲು ಹರಿದುಕೊಂಡು ಮಾತಾಡಬೇಕಿತ್ತು. ಗೊತ್ತಿಲ್ಲದವರು ನೋಡಿದರೆ ಇವರಿಗೆ ಹಾವು ಮುಂಗುಸಿ ದ್ವೇಷ ಅನ್ನಬೇಕು. ಆ ಬೈಗುಳ ಇಲ್ಲದೆ ಅವಳಿಗೆ ಬೆಳಗಾಗುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ಇಂಥ ಕಾಲದಲ್ಲಿ ನಮ್ಮ ರಸ್ತೆಗೆ ಕಳ್ಳರ ಕಣ್ಣು ಬಿತ್ತು. ಒಂದಾದ ಮೇಲೊಂದು ಮನೆಗೆ ಕನ್ನ ಬಿತ್ತು, ಅದೂ ಹಾಡಹಗಲಲ್ಲಿ. ಮನೆಯವರು ಊರಿಗೆ ಹೋಗಿದ್ದಾಗ ವ್ಯಾನು ತಂದು ನಿಲ್ಲಿಸಿ, ಮನೆ ಖಾಲಿ ಮಾಡುವವರ ಹಾಗೆ ನಿಧಾನವಾಗಿ ಸಾಮಾನು ತುಂಬಿಕೊಂಡು ಹೋದರು. ಎದುರು ಮನೆಯವರು ಟಿ.ವಿ. ಜೋಪಾನ ಅಂತ ಅವರಿಗೆ ಬುದ್ಧಿ ಬೇರೆ ಹೇಳಿದ್ದರು. ಯಾವ ಮನೆಯಲ್ಲಿ ಯಾರೂ ಇಲ್ಲ ಅಂತ ಕಳ್ಳರಿಗೆ ಹೇಗೆ ತಿಳಿಯುತ್ತದೆ ಅಂತ ಪೊಲೀಸರು ಕೇಳಿದಾಗ ಅಧ್ಯಕ್ಷರಿಗೆ ತಕ್ಷಣ ಹೊಳೆದದ್ದು ಹಾಲಕ್ಕ. ಅವಳಿಗೆ ಎಲ್ಲರ ಮನೆಯ ವಿಷಯವೂ ಗೊತ್ತಲ್ಲ.

ಅವಳನ್ನು ಅರ್ಧ ರಸ್ತೆಯಲ್ಲೇ ಇಳಿಸಿ ಠಾಣೆಗೆ ಕರೆದುಕೊಂಡು ಹೋದರು. ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರಿಸಿದರು. ಹೊರಗೆ ಬಿಸಿಲಿಗೆ ಕ್ರೇಟಿನ ಹಾಲು ಕೆಟ್ಟುಹೋಯಿತು. ಟೀಚರಮ್ಮ ಕೊಡೆ ಹಿಡಿದುಕೊಂಡು ಠಾಣೆಗೆ ಹೋಗಿ, ಅಲ್ಲಿದ್ದವರಿಗೆಲ್ಲ ಪಾಠ ಮಾಡಿ, ಅವಳನ್ನು ಬಿಡಿಸಿಕೊಂಡು ಬಂದರು. ಆದರೆ ಜನರ ಕಣ್ಣಿನಿಂದ ಅವಳನ್ನು ಬಿಡಿಸಲು ಟೀಚರಮ್ಮನಿಂದಲೂ ಆಗಲಿಲ್ಲ. ಹಾಲು ತೆಗೆದುಕೊಳ್ಳಲು ಬಂದವರು ಬಾಗಿಲನ್ನು ತಮ್ಮ ಹಿಂದೆ ಎಳೆದುಕೊಂಡು ಬರತೊಡಗಿದರು. ಅಂಥ ಒಂದು ದಿನ ನನ್ನ ಮೆಟ್ಟಿಲ ಮೇಲೆ ಕುಳಿತು ಹೇಳಿದಳು. "ಬೈದ್ರೆ ತಡ್ಕೋಬಹುದಣ್ಣ. ಒಳಗೆ ಬಗ್ಗಿ ನೋಡ್ತೀನೇನೋ ಅಂತ ಬಾಗಿಲು ಎಳ್ಕೋತಾರಲ್ಲ, ಅದನ್ನ ಹೇಗೆ ತಡ್ಕೊಳ್ಳೋದು?" ಅವತ್ತು ಅವಳು ಅತ್ತಳು. ಆ ಕಳಂಕ ತೊಳೆದುಕೊಳ್ಳಲು ಯಾರು ಏನು ಕೆಲಸ ಕೊಟ್ಟಿದ್ದರೂ ಮಾಡುತ್ತಿದ್ದಳು ಅಂತ ನನಗೆ ಈಗ ಅನ್ನಿಸುತ್ತದೆ.

ಆ ಕೆಲಸ ಕೊಟ್ಟದ್ದು ಹೊಸದಾಗಿ ಬಂದ ಇನ್ಸ್‌ಪೆಕ್ಟರ್. ವಯಸ್ಸು ಚಿಕ್ಕದು, ತಲೆ ಚುರುಕಾದ ಹೆಣ್ಣುಮಗಳು. ಸಂಘದ ಸಭಾಂಗಣದಲ್ಲಿ ನಮ್ಮನ್ನೆಲ್ಲ ಕೂರಿಸಿ, ಕಳ್ಳನಿಗೆ ಯಾರೂ ಹೇಳಬೇಕಾಗಿಲ್ಲ, ನಿಮ್ಮ ಬಾಗಿಲೇ ಹೇಳುತ್ತದೆ ಅಂದರು. ಎತ್ತದೆ ಬಿಟ್ಟ ಹಾಲು, ಮೆಟ್ಟಿಲ ಮೇಲೆ ಪೇಪರು, ಗುಡಿಸದ ಎಲೆ, ಹೊರಗೆ ತೂಗುವ ಬೀಗ, ಸಂಜೆಯಾದರೂ ಹೊತ್ತದ ದೀಪ. ಮನೆ ಖಾಲಿ ಇದ್ದರೂ ಖಾಲಿ ಅಂತ ಕಾಣಬಾರದು. ಹೊರಗಿನ ಬೀಗ ಬೇಡ, ಬಾಗಿಲೊಳಗಿನ ಬೀಗ ಸಾಕು. ಕತ್ತಲಾದರೆ ತಾನೇ ಹೊತ್ತುವ ಬಲ್ಬು ಹಾಕಿಸಿ. ಊರಿಗೆ ಹೋಗುವುದನ್ನು ಅಕ್ಕಪಕ್ಕದವರಿಗೂ ಹೇಳಬೇಡಿ. ನೆಂಟರು ಅಂತ ಹೇಳಿಕೊಂಡು ಫೋನು ಮಾಡಿ ವಿಚಾರಿಸುವ ಕಳ್ಳರಿದ್ದಾರೆ, ಯಾರು ಕೇಳಿದರೂ ಮನೆಯಲ್ಲೇ ಇದ್ದಾರೆ ಅನ್ನಿ. ಖಾಲಿ ಮನೆಯ ಬೆಲ್ಲು ಒತ್ತುವುದು, ಹೆಸರು ಹಿಡಿದು ಕೂಗುವುದು ಬೇಡ, ಉತ್ತರ ಬಾರದ್ದು ರಸ್ತೆಗೆಲ್ಲ ಗೊತ್ತಾಗುತ್ತದೆ. ಒಬ್ಬರಿಗೆ ಮಾತ್ರ ತಿಳಿಸಿ, ಅವರು ಬಾಗಿಲನ್ನು ನೋಡಿಕೊಳ್ಳಲಿ.

ಆ ಒಬ್ಬರು ಯಾರು ಅಂತ ಎಲ್ಲರೂ ಮುಖ ಮುಖ ನೋಡಿಕೊಂಡಾಗ, ಇನ್ಸ್‌ಪೆಕ್ಟರ್ ಹಿಂದೆ ಗೋಡೆಗೊರಗಿ ನಿಂತಿದ್ದ ಹಾಲಕ್ಕನನ್ನು ಕರೆದರು. ಇವರಿಗೆ ಹೇಗಿದ್ದರೂ ತಿಳಿಯುತ್ತದೆ, ಇವರೇ ಆಗಲಿ ಅಂದರು. ಅಧ್ಯಕ್ಷರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡೇ ಚಪ್ಪಾಳೆ ತಟ್ಟಿದರು. ಅವಳಿಗೆ ಒಂದು ಹಳದಿ ಜಾಕೆಟ್ಟು ಕೊಟ್ಟರು, ಬೆನ್ನ ಮೇಲೆ 'ಪೊಲೀಸ್ ಮಿತ್ರ' ಅಂತ ಅಚ್ಚಾಗಿತ್ತು. ಅದನ್ನು ನೋಡಿದ ದಿನದಿಂದ ಅತ್ತೆ ಪಿಸುಗುಡುವುದನ್ನು ನಿಲ್ಲಿಸಿದರಂತೆ.

ಕೆಲಸವನ್ನು ಅವಳು ಎಷ್ಟು ಚೆನ್ನಾಗಿ ಮಾಡಿದಳೆಂದರೆ, ನಮಗೇ ಮೋಸವಾಗುತ್ತಿತ್ತು. ಹಿಂದಿನ ದಿನದ ಹಾಲು ಬಾಗಿಲಲ್ಲೇ ಉಳಿದಿದ್ದರೆ ಎತ್ತಿಕೊಳ್ಳುವಳು. ಪೇಪರನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳುವಳು. ಮೆಟ್ಟಿಲು ಗುಡಿಸಿ ನೀರು ಚಿಮುಕಿಸುವಳು, ಹೊಸಿಲಲ್ಲಿರುವ ಚಪ್ಪಲಿಯ ದಿಕ್ಕು ದಿನಾ ಬದಲಿಸುವಳು, ಹೂವಿನ ಕುಂಡಕ್ಕೆ ನೀರು ಹಾಕುವಳು. ಬೇರೆ ಬಡಾವಣೆಯಲ್ಲಿ ಸಿಕ್ಕಿಬಿದ್ದ ಕಳ್ಳರು, ಆ ರಸ್ತೆಯವರು ಮನೆ ಬಿಟ್ಟು ಎಲ್ಲಿಗೂ ಹೋಗುವುದೇ ಇಲ್ಲ ಸ್ವಾಮಿ ಅಂತ ಹೇಳಿಕೆ ಕೊಟ್ಟರಂತೆ. ಇನ್ಸ್‌ಪೆಕ್ಟರ್ ಅದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಾಲಕ್ಕ ನನಗೆ ಆ ಮಾತನ್ನು ನೂರು ಸಲ ಹೇಳಿರಬೇಕು. ಬಾಗಿಲು ಎಳೆದುಕೊಳ್ಳುತ್ತಿದ್ದವರು ಈಗ ಬಾಗಿಲು ತೆರೆದಿಟ್ಟು ಅವಳನ್ನು ಮಾತಾಡಿಸುತ್ತಿದ್ದರು.

ಟೀಚರಮ್ಮನೊಬ್ಬರಿಗೆ ಇದು ಹಿಡಿಸಲಿಲ್ಲ. ಸುಳ್ಳು ಹೇಳುವುದನ್ನು ಬಾಗಿಲಿಗೂ ಕಲಿಸುತ್ತಿದ್ದೀರಿ ಅಂತ ಇನ್ಸ್‌ಪೆಕ್ಟರಿಗೇ ಹೇಳಿದ್ದರು. ಹಾಲಕ್ಕನನ್ನು ಅವಳ ಜಾಕೆಟ್ಟಿನ ವಿಷಯಕ್ಕೆ ಕಾಡುವುದಂತೂ ದಿನದ ಪಾಠವಾಗಿತ್ತು. ಒಂದು ಬೆಳಿಗ್ಗೆ ಹಾಗೆ ಕಾಡುತ್ತಾ, "ಮುಂದಿನ ವಾರ ತಂಗಿ ಮನೆಗೆ ಹೋಗ್ತೀನಿ ಕಣೆ. ಯಾವತ್ತು ಅಂತ ನಿಂಗೂ ಹೇಳಲ್ಲ. ಅಷ್ಟು ದೊಡ್ಡ ಪತ್ತೇದಾರಿ ಆಗಿದ್ದೀಯಲ್ಲ, ನೀನೇ ಕಂಡುಹಿಡಿ ನೋಡೋಣ" ಅಂದರು. ನೀವು ಗೇಟು ದಾಟುವ ಮೊದಲೇ ನನಗೆ ಗೊತ್ತಾಗುತ್ತದೆ ಅಂತ ಇವಳೂ ಸವಾಲು ಹಾಕಿದಳು. ನನ್ನ ಮೆಟ್ಟಿಲ ಮೇಲೆ ಕುಳಿತು ಇದನ್ನು ಹೇಳುವಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ಗೇಟಿನಲ್ಲಿ ಟೀಚರಮ್ಮ ಇರಲಿಲ್ಲ. ಹಾಲಕ್ಕ ಬಾಗಿಲ ಕೊಕ್ಕೆಗೆ ಹಾಲಿನ ಚೀಲ ತೂಗುಹಾಕಿ ಹೋದಳು. ಮರುದಿನ ಬಂದರೆ ಆ ಚೀಲ ಅಲ್ಲೇ ಇತ್ತು, ಪೇಪರು ಮೆಟ್ಟಿಲ ಮೇಲೆ. ಮುದುಕಿ ಹೇಳದೆ ಕೇಳದೆ ಹೊರಟೇಬಿಟ್ಟಿದ್ದಾರೆ ಅಂತ ಅವಳಿಗೆ ಖುಷಿಯಾಯಿತು. ಹಾಲು ಎತ್ತಿಕೊಂಡಳು. ಪೇಪರನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿದಳು.

ಟೀಚರಮ್ಮ ಎಲ್ಲಿಗೂ ಹೋಗಿರಲಿಲ್ಲ. ಬಚ್ಚಲಿಂದ ಬರುವಾಗ ಕಾಲು ಜಾರಿ ಬಿದ್ದು, ಸೊಂಟ ಮುರಿದುಕೊಂಡು, ಅರ್ಧ ಬಚ್ಚಲಲ್ಲಿ ಅರ್ಧ ನಡುಮನೆಯಲ್ಲಿ ಬಿದ್ದಿದ್ದರು. ಬಿದ್ದಲ್ಲಿಂದ ಮುಂಬಾಗಿಲು ನೇರವಾಗಿ ಕಾಣುತ್ತಿತ್ತು. ಕೈಗೆಟುಕುವಷ್ಟರಲ್ಲಿ ಬಕೆಟ್ಟು, ಅದರಲ್ಲಿ ನೀರು, ಒಂದು ಲೋಟ. ಅಷ್ಟೇ ಎಟುಕುತ್ತಿತ್ತು. ಮೊದಲ ದಿನ ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ತುದಿಯ ಮನೆಗೆ ಬಾಡಿಗೆದಾರರು ಇನ್ನೂ ಬಂದಿರಲಿಲ್ಲ, ಈಚೆ ಮನೆಯವರು ಕಿಟಕಿ ಮುಚ್ಚಿ ಫ್ಯಾನು ಹಾಕಿಕೊಂಡು ಬದುಕುವವರು. ಬಾಗಿಲ ಸಂದಿಯಿಂದ ಪೇಪರು ಒಳಗೆ ಬಂದಾಗ ಟೀಚರಮ್ಮ ಲೋಟ ತೆಗೆದುಕೊಂಡು ನೆಲಕ್ಕೆ ಬಡಿದರು. ಹೊರಗೆ ಸ್ಕೂಟರು ಗಡಗಡ ಅನ್ನುತ್ತಿತ್ತು.

ಆ ದಿನಗಳಲ್ಲಿ ಹಾಲಕ್ಕ ಇದ್ದಷ್ಟು ಸಂತೋಷದಲ್ಲಿ ನಾನು ಅವಳನ್ನು ಎಂದೂ ನೋಡಿಲ್ಲ. ಬೇರೆ ಮನೆಗಳಿಗೆ ಮಾಡುತ್ತಿದ್ದುದಕ್ಕಿಂತ ಹೆಚ್ಚಾಗಿ, ಮೈಮುರಿದು ಆ ಮನೆಗೆ ಮಾಡಿದಳು. ಮೆಟ್ಟಿಲನ್ನು ಗುಡಿಸಿದ್ದಲ್ಲದೆ ತೊಳೆದಳು. ಅಂಗಳದ ತಂತಿಯ ಮೇಲಿದ್ದ ಟವೆಲ್ಲನ್ನು ಒಗೆದು ಒಣಗಹಾಕಿದಳು, ಮರುದಿನ ಅದನ್ನು ತೆಗೆದು ತನ್ನ ಮನೆಯಿಂದ ತಂದ ಬೇರೆ ಬಟ್ಟೆ ಹಾಕಿದಳು. ಕಾಲೊರಸನ್ನು ಕೊಡವಿ ತಿರುಗಿಸಿ ಹಾಕಿದಳು. "ಬರ್ಲಿ ಅಣ್ಣ, ಬಂದಾಗ ಮುಖ ನೋಡ್ಬೇಕು. ನನ್ನ ಮನೇಲಿ ನಾನೇ ಇದ್ನಾ ಅಂತ ಅವರಿಗೇ ಅನುಮಾನ ಬರ್ಬೇಕು" ಅಂದಳು. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೆ ಅವಳು ಅಂದದ್ದು ಹಾಗೆಯೇ.

ಅಕ್ಕ ಹೇಳಿದ ದಿನಕ್ಕೆ ಬಾರದ್ದನ್ನು ನೋಡಿ ತಂಗಿ ಫೋನು ಮಾಡಿದರು. ಮನೆಯ ಫೋನು ಎತ್ತರದ ಮೇಜಿನ ಮೇಲೆ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಮೊಬೈಲನ್ನು ಟೀಚರಮ್ಮ ಆರಿಸಿ ಬೀರುವಿನಲ್ಲಿಟ್ಟಿರುತ್ತಿದ್ದರು, ಅದು ತಂಗಿಗೂ ಗೊತ್ತಿತ್ತು. ಕೊನೆಗೆ ಅವರು ಠಾಣೆಗೆ ಫೋನು ಮಾಡಿದರು. ಠಾಣೆಯವರು ಬೀಟ್ ಪೊಲೀಸನನ್ನು ಕಳಿಸಿದರು. ಅವನು ಮಧ್ಯಾಹ್ನ ಬಂದು ಗೇಟಿನ ಹೊರಗಿಂದ ನೋಡಿದ. ತೊಳೆದ ಮೆಟ್ಟಿಲು, ತಂತಿಯ ಮೇಲೆ ಒಗೆದ ಬಟ್ಟೆ, ನೀರು ಕುಡಿದ ಕುಂಡ. ಎಲ್ಲ ಸರಿಯಾಗಿದೆ ಅಂತ ಬರೆದುಕೊಂಡು ಹೋದ. ಹಾಲಕ್ಕನನ್ನು ಕೇಳಿದ್ದರೆ ಅವಳು ತಂಗಿ ಮನೆಗೆ ಹೋಗಿದ್ದಾರೆ ಅನ್ನುತ್ತಿದ್ದಳು, ಆ ಒಂದು ಮಾತಿಗೆ ಎಲ್ಲ ಬಯಲಾಗುತ್ತಿತ್ತು. ಅವಳು ಆ ಹೊತ್ತಿಗೆ ಹಾಲು ಹಾಕಿ ಮುಗಿಸಿ ಮನೆ ಸೇರಿದ್ದಳು.

ತಂಗಿಗೆ ಸಮಾಧಾನವಾಗಲಿಲ್ಲ. ಸಂಘದ ಅಧ್ಯಕ್ಷರ ನಂಬರು ಹುಡುಕಿ ಫೋನು ಮಾಡಿದರು. ಟೀಚರಮ್ಮನನ್ನು ಕೆಲವು ದಿನಗಳಿಂದ ನೋಡದ ಅಧ್ಯಕ್ಷರು, ಊರಿಗೆ ಹೋಗಿದ್ದಾರೆ ಅಂದುಕೊಂಡಿದ್ದರು. ಆದರೆ ಫೋನಿನಲ್ಲಿ ವಿಚಾರಿಸುವವರು ಯಾರೋ ಏನೋ, ನಿಯಮ ಇದೆಯಲ್ಲ. ಮನೆಯಲ್ಲೇ ಇದ್ದಾರಮ್ಮ, ಆರಾಮಾಗಿದ್ದಾರೆ, ಈಗಷ್ಟೇ ನೋಡಿದೆ ಅಂದುಬಿಟ್ಟರು. ಜೀವಮಾನದಲ್ಲಿ ಅವರು ಅಷ್ಟು ಚೊಕ್ಕವಾಗಿ ಸುಳ್ಳು ಹೇಳಿರಲಿಕ್ಕಿಲ್ಲ. ಅಕ್ಕನಿಗೆ ನನ್ನ ಮೇಲೆ ಏನೋ ಮುನಿಸು, ಅದಕ್ಕೇ ಫೋನು ಎತ್ತುತ್ತಿಲ್ಲ ಅಂತ ತಂಗಿ ಒಂದು ದಿನ ಸುಮ್ಮನಿದ್ದರು. ಆ ಒಂದು ದಿನವನ್ನು ಆಕೆ ಈಗಲೂ ನೆನೆಸಿಕೊಂಡು ಅಳುತ್ತಾರೆ. ಆಮೇಲೆ ಮನಸ್ಸು ತಡೆಯದೆ ಬಸ್ಸು ಹತ್ತಿದರು.

ಬೆಳಿಗ್ಗೆ ಅವರು ಬ್ಯಾಗು ಹಿಡಿದು ಗೇಟಿನ ಬಳಿ ಬಂದಾಗ ಹಾಲಕ್ಕ ಮೆಟ್ಟಿಲು ಗುಡಿಸುತ್ತಿದ್ದಳು. ನಾನು ಆಗಷ್ಟೇ ಅಂಗಡಿಯ ಶಟರ್ ಎತ್ತುತ್ತಿದ್ದೆ. ಅವರಿಬ್ಬರ ನಡುವೆ ನಡೆದದ್ದನ್ನು ಆಮೇಲೆ ಇಬ್ಬರೂ ಹೇಳಿದ್ದಾರೆ. ಮುಖದ ಹೋಲಿಕೆಯಿಂದಲೇ ಹಾಲಕ್ಕನಿಗೆ ಯಾರು ಅಂತ ತಿಳಿಯಿತು. ಓ, ಅಕ್ಕನನ್ನು ಬಿಡಲು ನೀವೇ ಬಂದಿರಾ ಅಂತ ನಕ್ಕು, ಅವರ ಹಿಂದೆ ಕಣ್ಣು ಹಾಯಿಸಿ ಟೀಚರಮ್ಮನನ್ನು ಹುಡುಕಿದಳು.

"ಅಕ್ಕ ಒಳಗಿಲ್ವಾ?" ಅಂದರು ತಂಗಿ.

"ನಿಮ್ಮನೇಲಿದ್ರಲ್ಲಾ?"

"ನಮ್ಮನೆಗೆ ಬಂದೇ ಇಲ್ಲ."

ಕೈಯಲ್ಲಿದ್ದ ಪೊರಕೆ ಹಾಗೇ ಇತ್ತಂತೆ. ಇಬ್ಬರೂ ತಿರುಗಿ ಬಾಗಿಲನ್ನು ನೋಡಿದರು. ಆಮೇಲೆ ಹಾಲಕ್ಕ ಕೂಗಿದ್ದು ನನಗೆ ಕೇಳಿಸಿತು. ಮಾತಲ್ಲ, ಬರೀ ಕೂಗು. ಶಟರಿನ ಕಬ್ಬಿಣದ ಸರಳು ಹಿಡಿದುಕೊಂಡೇ ಓಡಿದೆ. ಬಾಗಿಲು ಮೀಟಲು ಅದೇ ಉಪಯೋಗಕ್ಕೆ ಬಂತು. ತೆರೆದ ಬಾಗಿಲಿಗೆ ಮೊದಲು ತಡೆದದ್ದು ಪೇಪರುಗಳು, ಒಂದರ ಮೇಲೊಂದು. ಅದರಾಚೆ ಟೀಚರಮ್ಮ. ಕಣ್ಣು ತೆರೆದೇ ಇತ್ತು, ನಮ್ಮನ್ನು ನೋಡುತ್ತಿದ್ದರು. ನಾನೂ ತಂಗಿಯೂ ಒಳಗೆ ಹೋದೆವು. ಹಾಲಕ್ಕ ಬರಲಿಲ್ಲ. ತಾನೇ ತೊಳೆದ ಮೆಟ್ಟಿಲ ಮೇಲೆ ನಿಂತಳು. ಆಂಬುಲೆನ್ಸಿನವರು ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಬರಬೇಕಾಯಿತು.

ಮೂಳೆ ಕೂಡಿಸಬಹುದು, ಎದೆಯಲ್ಲಿ ಕಟ್ಟಿದ ಕಫದ್ದೇ ಚಿಂತೆ ಅಂದರು ಆಸ್ಪತ್ರೆಯಲ್ಲಿ. ಹಾಲಕ್ಕ ಆಸ್ಪತ್ರೆಗೆ ಕಾಲಿಡಲಿಲ್ಲ. ಹಾಲು ಹಾಕುವಳು, ನನ್ನ ಮೆಟ್ಟಿಲಿಗೆ ಬರದೆ ಹೋಗುವಳು. ಒಂದು ಸಂಜೆ ತಂಗಿಯೇ ಮೆಕ್ಯಾನಿಕ್ ಶೆಡ್ಡಿನ ಹಿಂದಿನ ಮನೆ ಹುಡುಕಿಕೊಂಡು ಹೋಗಿ, ಅಕ್ಕ ನಿಮ್ಮನ್ನು ಕೇಳುತ್ತಿದ್ದಾಳೆ ಅಂತ ಕರೆದರು. ಒಬ್ಬಳೇ ಬರಲಾರೆ ಅಂದಳು ಅಂತ ನನ್ನನ್ನೂ ಕರೆದುಕೊಂಡು ಹೋದರು.

ಟೀಚರಮ್ಮ ಮಂಚದಲ್ಲಿ ಇದ್ದಾರೋ ಇಲ್ಲವೋ ಅನ್ನುವಷ್ಟು ಸಣ್ಣಗಾಗಿದ್ದರು. ದನಿ ಇರಲಿಲ್ಲ, ಬಗ್ಗಿ ಕೇಳಬೇಕಿತ್ತು. ಹಾಲಕ್ಕ ಮಂಚದ ಕಂಬಿ ಹಿಡಿದು, "ಬೈಯಿರಿ ಟೀಚರಮ್ಮ" ಅಂದಳು.

ಟೀಚರಮ್ಮ ಬೈಯಲಿಲ್ಲ. "ನಿನ್ನ ಗಾಡಿ ಸದ್ದು ಕೇಳಿಸ್ತಿತ್ತು ಕಣೆ" ಅಂದರು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು. "ಬೆಳಗಾಗೋದನ್ನೇ ಕಾಯ್ತಿದ್ದೆ. ಇವತ್ತು ಬಾಗಿಲು ತಟ್ತಾಳೆ ಅಂದ್ಕೋತಿದ್ದೆ. ಪೇಪರ್ ಒಳಗೆ ಬರೋದು. ಆಮೇಲೆ ಸದ್ದು ದೂರ ಹೋಗೋದು. ಸರಿ, ನಾಳೆ ತಟ್ತಾಳೆ, ಅಲ್ಲೀವರೆಗೂ ಇರ್ಬೇಕು ಅಂದ್ಕೊಂಡು ನೀರು ಕುಡೀತಿದ್ದೆ."

ಇದನ್ನು ಅವರು ಅವಳ ಸಮಾಧಾನಕ್ಕೇ ಹೇಳಿದ್ದು. ನೀನು ಬರುತ್ತೀಯ ಅಂತಲೇ ನಾನು ಬದುಕಿದ್ದೆ ಅನ್ನುವುದು ಅವರ ಅರ್ಥ. ಹೇಳದೆ ಹೋಗುತ್ತೇನೆ ಅಂತ ಆಟ ಆಡಿದವಳು ನಾನೇ ಅಂತಲೂ ಅಂದರು. ಆ ಎರಡು ಮಾತಿಗಿಂತ ಕೆನ್ನೆಗೆ ಹೊಡೆದಿದ್ದರೆ ಹಾಲಕ್ಕ ತಡೆದುಕೊಳ್ಳುತ್ತಿದ್ದಳು. ಅವಳು ಅಳಲೂ ಇಲ್ಲ. ಟೀಚರಮ್ಮನ ಪಾದವನ್ನು ಹೊದಿಕೆಯ ಮೇಲಿಂದಲೇ ಹಿಡಿದುಕೊಂಡು, ನರ್ಸು ಬಂದು ಎಬ್ಬಿಸುವವರೆಗೂ ಕುಳಿತಿದ್ದಳು.

ಆ ವಾರ ಕಳೆಯುವ ಮೊದಲೇ ಟೀಚರಮ್ಮ ತೀರಿಕೊಂಡರು. ಇನ್ಸ್‌ಪೆಕ್ಟರ್ ಬಂದು ಗೇಟಿನ ಬಳಿ ಟೋಪಿ ತೆಗೆದು ನಿಂತರು. ಹೀಗೂ ಆಗಬಹುದು ಅಂತ ತಾನು ಯೋಚಿಸಿರಲಿಲ್ಲ ಅಂತ ತಂಗಿಯ ಎದುರು ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆ ನಮ್ಮ ರಸ್ತೆಯ ಇನ್ನೊಬ್ಬರಲ್ಲಿ ನಾನು ಕಾಣಲಿಲ್ಲ. ಅಧ್ಯಕ್ಷರು, ವ್ಯವಸ್ಥೆಯಲ್ಲಿ ಲೋಪ ಇಲ್ಲ, ಅನುಷ್ಠಾನದಲ್ಲಿ ಆಯಿತು ಅಂದರು. ಉಳಿದವರು ಅನುಷ್ಠಾನ ಅಂದರೆ ಯಾರು ಅಂತ ಸುಲಭವಾಗಿ ಅರ್ಥ ಮಾಡಿಕೊಂಡರು. ಹಾಲು ತೆಗೆದುಕೊಳ್ಳಲು ಬಂದವರು ಅವಳ ಮುಖ ನೋಡದೆ ಕೈ ಮಾತ್ರ ಚಾಚತೊಡಗಿದರು. ದಿನಾ ಆ ಮನೆಯ ಮುಂದೆ ನಡೆದು ಹೋದ, ಬಂದ ಈ ಜನ, ಪಕ್ಕದಲ್ಲೇ ಫ್ಯಾನು ಹಾಕಿಕೊಂಡು ಮಲಗಿದ ಈ ಜನ! ನನಗೆ ಬಂದ ಸಿಟ್ಟಿಗೆ ಅವತ್ತು ಅಂಗಡಿ ಮುಚ್ಚಿ ಮನೆಗೆ ಹೋದೆ.

ತಂಗಿ ಮನೆ ಮಾರಲು ಹೇಳಿ, ಕೀಲಿಯನ್ನು ಅಧ್ಯಕ್ಷರಿಗೆ ಕೊಟ್ಟು ಊರಿಗೆ ಹೋದರು. ಕೊಳ್ಳುವವರು ಬೇಗ ಸಿಗುವ ಹಾಗಿರಲಿಲ್ಲ. ಮೆಟ್ಟಿಲ ಮೇಲೆ ಎಲೆ ಬಿತ್ತು. ಯಾರೂ ಬೇಡ ಅಂತ ಹೇಳದ್ದರಿಂದ ಪೇಪರಿನವನು ಪೇಪರು ಎಸೆಯುತ್ತಲೇ ಇದ್ದ. ಕುಂಡದ ಗಿಡ ಬಾಡಿತು. ಹೀಗೇ ಬಿಟ್ಟರೆ ಇಡೀ ರಸ್ತೆಗೆ ಅಪಾಯ ಅಂತ ಅಧ್ಯಕ್ಷರಿಗೆ ನಿದ್ದೆ ಹತ್ತಲಿಲ್ಲ. ಒಂದು ಬೆಳಿಗ್ಗೆ ನನ್ನ ಅಂಗಡಿಯ ಮುಂದೆಯೇ ಹಾಲಕ್ಕನ ಸ್ಕೂಟರು ನಿಲ್ಲಿಸಿದರು. ಆದದ್ದು ಆಯಿತು, ಮನೆ ಮಾರಿ ಹೋಗುವವರೆಗೆ ಮೊದಲಿನ ಹಾಗೆ ಬಾಗಿಲು ನೋಡಿಕೋ, ಯಾರೋ ಇದ್ದಾರೆ ಅಂತ ಕಂಡರೆ ಸಾಕು ಅಂದರು.

ಹಾಲಕ್ಕ ಕೈ ಚಾಚಿ ಗಾಡಿಯ ಎಂಜಿನ್ ಆರಿಸಿದಳು. ಹಾಲು ಹಾಕಿ ಮುಗಿಸುವ ಮೊದಲೇ ಅವಳು ಅದನ್ನು ಆರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕ್ರೇಟಿನ ಕೆಳಗಿಂದ ಹಳದಿ ಜಾಕೆಟ್ಟು ತೆಗೆದಳು. ಒಗೆದು ಮಡಿಸಿಟ್ಟಿದ್ದಳು, ಯಾವತ್ತಾದರೂ ಕೊಟ್ಟುಬಿಡಬೇಕು ಅಂತ ಹೊತ್ತು ತಿರುಗುತ್ತಿದ್ದಳೇನೋ. ಅದನ್ನು ಅಧ್ಯಕ್ಷರ ಕೈಗೆ ಕೊಟ್ಟು, ನಾಳೆಯಿಂದ ಬೇರೆಯವರು ಹಾಲು ತರುತ್ತಾರೆ ಅಂದಳು. ಅವರು ಏನೋ ಹೇಳಹೋದರು, ಅವಳು ಬಿಡಲಿಲ್ಲ.

"ಆ ಮನೇಲಿ ಯಾರೂ ಇಲ್ಲ ಸಾರ್. ಇಲ್ಲ ಅಂತಾನೇ ಕಾಣ್ಲಿ."